ಬಸ್‌ಬಾರ್ ಜಾಯಿಂಟಿನ ಬಿಸಿ ಅಳೆಯಲು ಬ್ಯಾಟರಿಯಿಲ್ಲದ ಟ್ಯಾಗ್

11 ಕೆವಿ (11 ಸಾವಿರ ವೋಲ್ಟ್) ವಿದ್ಯುತ್ ಪ್ಯಾನೆಲ್‌ನಲ್ಲಿ ಕರೆಂಟ್ ಹೊರುವ ದಪ್ಪ ತಾಮ್ರದ ಸರಳುಗಳೇ ಬಸ್‌ಬಾರ್. ಅವನ್ನು ಜೋಡಿಸುವ ಜಾಯಿಂಟಿನ ಬೋಲ್ಟ್ ಸಡಿಲವಾದರೆ ಅಲ್ಲಿ ತಾಮ್ರ ಕಾಯತೊಡಗುತ್ತದೆ. ಕಾದಷ್ಟೂ ಸಂಪರ್ಕ ಕೆಡುತ್ತದೆ, ಕೆಟ್ಟಷ್ಟೂ ಇನ್ನಷ್ಟು ಕಾಯುತ್ತದೆ. ಬಾಗಿಲು ಮುಚ್ಚಿದ್ದರೆ ಥರ್ಮಲ್ ಕ್ಯಾಮೆರಾಗೆ ಇದ್ಯಾವುದೂ ಕಾಣದು. ಲೈವ್ ಬಸ್‌ಬಾರಿನಿಂದ ಸೆನ್ಸರ್ ವೈರ್ ಹೊರಗೆಳೆಯುವುದು ಅಪಾಯ. ಬ್ಯಾಟರಿ ಸೆನ್ಸರ್ ಹಾಕಿದರೆ ಸೆಲ್ ಬದಲಿಸಲು ಶಟ್‌ಡೌನ್ ಕೇಳಬೇಕು. ಅದಕ್ಕೇ ನಾನು ಯುಎಚ್‌ಎಫ್ ಆರ್‌ಎಫ್‌ಐಡಿ ಸೆನ್ಸರ್ ಟ್ಯಾಗ್ ಆರಿಸಿಕೊಂಡೆ. ಇದು ಚಿಪ್ ಮತ್ತು ಆಂಟೆನಾ ಇರುವ ಪುಟ್ಟ ತುಣುಕು; ರೀಡರ್ ಎಂಬ ಸಾಧನ ಇದನ್ನು ದೂರದಿಂದಲೇ ರೇಡಿಯೋ ಅಲೆಯಲ್ಲಿ ಓದುತ್ತದೆ. ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಚಿಪ್ ಎಚ್ಚರಗೊಂಡು ಉಷ್ಣತೆ ಅಳೆಯುತ್ತದೆ, ಅದೇ ಅಲೆಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪ್ರತಿಫಲಿಸಿ ಉತ್ತರ ಕಳಿಸುತ್ತದೆ.

ಸಾಮಾನ್ಯ ಸ್ಟಿಕರ್ ಟ್ಯಾಗ್ ಲೋಹಕ್ಕೆ ಅಂಟಿಸಿದರೆ ಅದರ ಆಂಟೆನಾ ಟ್ಯೂನಿಂಗ್ ತಪ್ಪಿ ಮೂಕವಾಗುತ್ತದೆ. ಲೋಹದ ಮೇಲೆ ಕೂರಲೆಂದೇ ಮಾಡಿದ ಟ್ಯಾಗ್ ಬೇಕು, ಅದರ ತಳ ತಾಮ್ರಕ್ಕೆ ಬಿಗಿಯಾಗಿ ಒತ್ತಿರಬೇಕು. ನಡುವೆ ಗಾಳಿ ಉಳಿದರೆ ನೀವು ಅಳೆಯುವುದು ಪ್ಯಾನೆಲ್ಲಿನ ಗಾಳಿಯ ಬಿಸಿಯನ್ನು.

ಹೆಚ್ಚು ಸಮಯ ಹಿಡಿದದ್ದು ಪ್ಯಾನೆಲ್ ಒಳಗೆ ರೀಡರ್‌ನ ಆಂಟೆನಾಗೆ ಜಾಗ ಹುಡುಕುವುದು. ಪ್ಯಾನೆಲ್ ಎಂದರೆ ಉಕ್ಕಿನ ಪೆಟ್ಟಿಗೆ. ಅಲೆಗಳು ಗೋಡೆಯಿಂದ ಗೋಡೆಗೆ ಪುಟಿದು ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಂಥ ಜಾಗದಲ್ಲಿರುವ ಟ್ಯಾಗ್ ಆಂಟೆನಾದಿಂದ ಒಂದೇ ಅಡಿ ದೂರದಲ್ಲಿದ್ದರೂ ಏಳುವುದಿಲ್ಲ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್‌ವರೆಗೆ ಜಾಗವಿರುವುದರಿಂದ ರೀಡರ್‌ನ ಚಾನೆಲ್ (ಆವರ್ತನ) ಬದಲಾದಂತೆ ಈ ಸತ್ತ ಜಾಗಗಳೂ ಸರಿಯುತ್ತವೆ. ಭಾರತದಲ್ಲಿ ಇದಕ್ಕಿರುವುದು 865–868 ಪಟ್ಟಿ; ನಾನು ಬಳಸಿದ್ದು ಅದರಲ್ಲಿ 865–867, ಬರೀ 2 ಮೆಗಾಹರ್ಟ್ಸ್. ಅಲ್ಲಿ ಆ ನೆರವು ಹೆಚ್ಚು ಸಿಗದು. ಅಲೆಯುದ್ದ ಸುಮಾರು 35 ಸೆಂ.ಮೀ. ಇರುವುದರಿಂದ ಆಂಟೆನಾವನ್ನೇ ನಾಲ್ಕೈದು ಸೆಂ.ಮೀ. ಸರಿಸಿದರೂ ಚಿತ್ರ ಬದಲಾಗುತ್ತದೆ. ಲೈನ್ ಆಫ್ ಮಾಡಿ, ಅರ್ಥಿಂಗ್ ಮಾಡಿ, ಆಂಟೆನಾ ಮತ್ತು ಬಸ್‌ಬಾರ್ ನಡುವೆ ಸುರಕ್ಷಿತ ಅಂತರ (ಕ್ಲಿಯರೆನ್ಸ್) ಕಾಯ್ದುಕೊಂಡು, ಬಾಗಿಲು ಮುಚ್ಚಿಯೇ ಪರೀಕ್ಷಿಸಬೇಕು. ಬಾಗಿಲು ತೆರೆದಾಗ ಬಂದ ರೀಡಿಂಗ್ ನಂಬಬೇಡಿ, ಪೆಟ್ಟಿಗೆಯೇ ಬೇರೆಯಾಗಿರುತ್ತದೆ.

ಉಷ್ಣತೆಯ ಅಂಕಿ ಓದುವ ಮೊದಲು ಟ್ಯಾಗ್‌ಗೆ ಎಷ್ಟು ಶಕ್ತಿ ತಲುಪುತ್ತಿದೆ ಎಂಬುದನ್ನು ಓದಿ. ನಾನು ಬಳಸಿದ ಬಗೆಯ ಚಿಪ್ ಇದನ್ನು ತಾನೇ ಅಳೆದು ಹೇಳುತ್ತದೆ. ಶಕ್ತಿ ಕಡಿಮೆಯಾದರೆ ಉತ್ತರವಿಲ್ಲ; ವಿಪರೀತ ಹೆಚ್ಚಾದರೆ ಉತ್ತರ ಬರುತ್ತದೆ, ಆದರೆ ಡಿಗ್ರಿ ತಪ್ಪಿರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಸರಿಯಾದ ಅಂಕಿಯಂತೆಯೇ ಕಾಣುತ್ತದೆ. ಹಾಗಾಗಿ ಪ್ರತಿ ಟ್ಯಾಗ್‌ಗೂ ರೀಡರ್ ಪವರ್ ಬೇರೆಬೇರೆ ಇಟ್ಟೆ, ಮಿತಿ ಮೀರಿದ ರೀಡಿಂಗ್‌ಗಳನ್ನು ಬಿಟ್ಟುಬಿಟ್ಟೆ.

ಅಲಾರಂ ಮಾತ್ರ ಒಂದೇ ಡಿಗ್ರಿಗೆ ಕಟ್ಟಲಿಲ್ಲ. ಲೋಡ್ ಏರಿದರೆ ಆರ್, ವೈ, ಬಿ ಎಂಬ ಮೂರೂ ಫೇಸ್ ಒಟ್ಟಿಗೆ ಕಾಯುತ್ತವೆ, ಅದು ಸಹಜ. ಆರ್, ಬಿ ಸುಮ್ಮನಿದ್ದು ವೈ ಒಂದೇ ಏರುತ್ತಿದ್ದರೆ ಆ ಜಾಯಿಂಟಿಗೆ ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಯ ಬಲದಲ್ಲಿ ಬಿಗಿಯುವ ಸ್ಪ್ಯಾನರ್) ಹಿಡಿಯಬೇಕು ಎಂದರ್ಥ.