ಪೊಲೀಸರು ವಾರಂಟ್ ತಂದರೆ: ಬಾಗಿಲಿನಿಂದ ಮಹಜರಿನ ಸಹಿಯವರೆಗೆ

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪ ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟಿದ್ದರು. ದಾರಿಯಲ್ಲಿ ಪೊಲೀಸ್ ಜೀಪು ನಿಂತಿತು. ಪಕ್ಕದ ತೋಟದವರ ಮೆಣಸಿನ ಚೀಲ ಕಳುವಾಗಿತ್ತು, ಒಂದು ಶೆಡ್ಡಿನಲ್ಲಿ ಸಿಕ್ಕಿದೆ, ಮಹಜರಿಗೆ (ಸ್ಥಳದಲ್ಲಿ ಕಂಡದ್ದನ್ನು, ಸಿಕ್ಕಿದ್ದನ್ನು ಬರೆದಿಡುವ ದಾಖಲೆಗೆ) ಪಂಚರು, ಅಂದರೆ ಸಾಕ್ಷಿಗಳು, ಬೇಕು ಅಂದರು. ಚಿಕ್ಕಪ್ಪ ಆ ಶೆಡ್ಡಿನೊಳಗೆ ಕಾಲಿಡಲೇ ಇಲ್ಲ. ಹಾಲಿನ ಕ್ಯಾನ್ ಕೆಳಗಿಟ್ಟು, ಜೀಪಿನ ಬಾನೆಟ್ ಮೇಲೆ ಮೂರು ಹಾಳೆಗೆ ಸಹಿ ಹಾಕಿದರು. ಮೂರನೆಯದು ಅರ್ಧ ಖಾಲಿ ಇತ್ತು. ಮೂರು ವರ್ಷದ ಮೇಲೆ ಕೋರ್ಟಿನಲ್ಲಿ ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಚೀಲ ಎಷ್ಟಿತ್ತು? ಎಲ್ಲಿ ಇಟ್ಟಿದ್ದರು? ಚಿಕ್ಕಪ್ಪ ತಲೆ ತಗ್ಗಿಸಿ ನಿಂತರು. ಕೇಸು ಬಿದ್ದುಹೋಯಿತು. ಮೆಣಸು ಕಳೆದುಕೊಂಡವರಿಗೆ ಏನೂ ಸಿಗಲಿಲ್ಲ, ಆರೋಪ ಹೊತ್ತ ಹುಡುಗ ಕದ್ದಿದ್ದನೋ ಇಲ್ಲವೋ ಅನ್ನುವುದೂ ಊರಿಗೆ ಇವತ್ತಿನವರೆಗೆ ಗೊತ್ತಾಗಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧನ, ಶೋಧ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು ಇದು, ಕೆಳಗೆ ಹೇಳುವ ಕಲಂಗಳೆಲ್ಲ ಇದರವೇ. ಕಲಂ ನಂಬರುಗಳು ಬದಲಾಗಿವೆ, ಕೆಲವು ಹೊಸ ನಿಯಮಗಳೂ ಸೇರಿವೆ. ಪೊಲೀಸರು ಮನೆ ಬಾಗಿಲಿಗೆ ಬಂದಾಗ ಏನು ಮಾಡಬೇಕು, ಒಂದೊಂದಾಗಿ ನೋಡೋಣ.

ಮೊದಲ ಕೆಲಸ, ಕಾಗದ ಓದುವುದು. ಬಂಧನದ ವಾರಂಟ್ ಬರಹದಲ್ಲಿ ಇರಬೇಕು, ಕೋರ್ಟಿನ ಅಧಿಕಾರಿಯ ಸಹಿ ಇರಬೇಕು, ಕೋರ್ಟಿನ ಮೊಹರು ಇರಬೇಕು. ಇದು 72ನೇ ಕಲಂ. ಅದರಲ್ಲಿ ಏನಿದೆ ಅಂತ ಪೊಲೀಸರು ಹೇಳಬೇಕು, ಕೇಳಿದರೆ ತೋರಿಸಲೇಬೇಕು ಅನ್ನುತ್ತದೆ 77ನೇ ಕಲಂ. ಹಾಗಾಗಿ "ಸಾರ್, ಸ್ವಲ್ಪ ವಾರಂಟ್ ತೋರಿಸಿ" ಅಂತ ಕೇಳುವುದರಲ್ಲಿ ಉದ್ಧಟತನ ಏನೂ ಇಲ್ಲ. ಹೆಸರಿನ ಜೊತೆ ತಂದೆಯ ಹೆಸರು, ಊರು, ಕೇಸ್ ನಂಬರ್ ನೋಡಿ. ನಮ್ಮ ಕಡೆ ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಮೂವರು ಗೌಡರು ಇರುತ್ತಾರೆ, ಅಲ್ವಾ? ತಪ್ಪಾಗಿದ್ದರೆ ಅಲ್ಲೇ ಹೇಳಿ, ಆಧಾರ್ ತೋರಿಸಿ. ಆದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ತಾವು ಯಾರು, ಯಾಕೆ ಬಂದಿದ್ದೇವೆ ಅಂತ ಹೇಳಿ ಒಳಗೆ ಬಿಡಿ ಅಂದ ಮೇಲೂ ಬಿಡದಿದ್ದರೆ ಬಾಗಿಲು ಒಡೆಯುವ ಅಧಿಕಾರ ಅವರಿಗೆ ಇದೆ, ಅಡ್ಡಿ ಮಾಡಿದ್ದಕ್ಕೆ ನಿಮ್ಮ ಮೇಲೆ ಬೇರೆ ಕೇಸೂ ಬೀಳಬಹುದು.

ಎರಡನೆಯದು, ಯಾವ ವಾರಂಟ್ ಅಂತ ತಿಳಿಯುವುದು. ಜಾಮೀನು ಸಹಿತ ವಾರಂಟ್ ಆದರೆ ಎಷ್ಟು ಜನ ಜಾಮೀನುದಾರರು, ಎಷ್ಟು ಮೊತ್ತ, ಯಾವತ್ತು ಕೋರ್ಟಿಗೆ ಬರಬೇಕು ಅಂತ ಅದರ ಮೇಲೇ ಬರೆದಿರುತ್ತಾರೆ. ಅದನ್ನು ಪೂರೈಸಿದರೆ ಬಿಡಬೇಕು. ಜಾಮೀನು ರಹಿತ ಆದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಮನೆಯವರಿಗೆ ಅಥವಾ ಸ್ನೇಹಿತರಿಗೆ ತಿಳಿಸಬೇಕು, ವಕೀಲರನ್ನು ನೋಡಲು ಬಿಡಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭ ಆದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು.

ಇನ್ನೊಂದು ಮಾತು. ವಾರಂಟ್ ಹಳೆಯದಾಯಿತು, ಹಾಗಾಗಿ ಸತ್ತುಹೋಯಿತು ಅಂತ ಜನ ಅಂದುಕೊಳ್ಳುತ್ತಾರೆ. ಚೆಕ್ ಬೌನ್ಸ್ ಕೇಸುಗಳಲ್ಲಿ ಇದು ಜಾಸ್ತಿ. ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ನಿಮ್ಮ ಮೇಲೆ ಇದೆ ಅಂತ ಗೊತ್ತಾದರೆ ವಕೀಲರ ಜೊತೆ ನೀವೇ ಕೋರ್ಟಿಗೆ ಹೋಗಿ ವಾರಂಟ್ ರೀಕಾಲ್ ಅರ್ಜಿ, ಅಂದರೆ ಅದನ್ನು ಹಿಂಪಡೆಯಿರಿ ಅನ್ನುವ ಅರ್ಜಿ, ಹಾಕಿ.

ಮೂರನೆಯದು ಮನೆ ಶೋಧ. ನಮ್ಮ ಜನ ಜಾಸ್ತಿ ಎಡವುವುದು ಇಲ್ಲೇ. 103ನೇ ಕಲಂ ಪ್ರಕಾರ ಶೋಧ ಶುರುವಾಗುವ ಮೊದಲೇ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಸ್ಥ ಜನರನ್ನು ಕರೆಯಬೇಕು. ಶೋಧ ಅವರ ಕಣ್ಣೆದುರೇ ನಡೆಯಬೇಕು. ಮನೆಯವರು ಅಥವಾ ಅವರ ಪರ ಒಬ್ಬರು ಜೊತೆಗಿರಬಹುದು. ಆಮೇಲೆ ಏನೇನು ಸಿಕ್ಕಿತು, ಯಾವುದು ಎಲ್ಲಿ ಸಿಕ್ಕಿತು ಅಂತ ಪಟ್ಟಿ ಮಾಡಿ ಪಂಚರ ಸಹಿ ಪಡೆಯಬೇಕು, ಆ ಪಟ್ಟಿಯ ಒಂದು ಪ್ರತಿ ಮನೆಯವರಿಗೆ ಕೊಡಬೇಕು. "ಎಲ್ಲಿ" ಅನ್ನುವ ಮಾತು ಮುಖ್ಯ. "ಗೋಡೌನಿನಲ್ಲಿ ಎರಡು ಚೀಲ ಮೆಣಸು" ಅಂದರೆ ಸಾಲದು. ಕಾಫಿ ಗೋಡೌನಿನ ಬಲಗಡೆ ಗೋಡೆ ಬದಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಹಿಂದೆ, ಬಾಯಿ ಹೊಲಿದ ಎರಡು ಗೋಣಿಚೀಲ, ಇಷ್ಟಿಷ್ಟು ತೂಕ. ಹೀಗೆ ಬರೆದಿದ್ದರೆ ಮೂರು ವರ್ಷದ ಮೇಲೂ ಪಂಚರಿಗೆ ನೆನಪು ಬರುತ್ತದೆ.

ಪಂಚರಾಗಿ ಕರೆದರೆ ಸುಮ್ನೆ ಓಡಿಹೋಗಬೇಡಿ. ಲಿಖಿತ ಆದೇಶ ಕೊಟ್ಟ ಮೇಲೂ ಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಒಳಗೆ ಹೋಗಿ, ನೋಡಿ, ಎಣಿಸಿ, ಓದಿ, ಆಮೇಲೆ ಸಹಿ ಹಾಕಿ. ಓದಲು ಬರದಿದ್ದರೆ ಓದಿಸಿ ಕೇಳಿ. ಖಾಲಿ ಜಾಗ ಇದ್ದರೆ ಅಡ್ಡಗೆರೆ ಎಳೆಯಿರಿ, ಸಹಿಯ ಕೆಳಗೆ ತಾರೀಖು ಮತ್ತು ಗಂಟೆ ಬರೆಯಿರಿ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಶೋಧ ಆದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನೇ ಪಂಚನಾಗಿ ನಿಲ್ಲಿಸಿಬಿಡುತ್ತಾರೆ. ದೂರು ಕೊಟ್ಟವರು ತೋಟದ ಮಾಲೀಕರೇ ಆಗಿದ್ದರೆ ಅವರ ಸಂಬಳದ ರೈಟರ್ ಸ್ವತಂತ್ರ ಸಾಕ್ಷಿ ಹೇಗಾಗುತ್ತಾರೆ? ಆಗ "ಊರಿನ ಬೇರೆಯವರನ್ನು ಕರೆಯಿರಿ ಸಾರ್" ಅಂತ ಆ ಮನೆಯವರು ಧೈರ್ಯವಾಗಿ ಕೇಳಬೇಕು.

ಹೊಸ ಕಾನೂನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು 105ನೇ ಕಲಂ. ಶೋಧ, ಜಪ್ತಿ, ಪಟ್ಟಿ ಬರೆಯುವುದು, ಪಂಚರ ಸಹಿ, ಎಲ್ಲವನ್ನೂ ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮೊಬೈಲ್ ಸಾಕು. ಜೀಪಿನ ಬಾನೆಟ್ ಮೇಲಿನ ಸಹಿ ಈಗ ವಿಡಿಯೊದಲ್ಲಿ ಹಾಗೇ ಕಾಣುತ್ತದೆ! ಆದರೆ ಆ ವಿಡಿಯೊದ ಪ್ರತಿಯನ್ನು ಮನೆಯವರಿಗೂ ಕೊಡಬೇಕು ಅಂತ ಆ ಕಲಂ ಹೇಳುವುದಿಲ್ಲ. ಅದೂ ಸೇರಬೇಕು. ಪಟ್ಟಿಯ ಪ್ರತಿ ಕೊಡಬಹುದಾದರೆ ವಿಡಿಯೊದ ಪ್ರತಿ ಯಾಕೆ ಆಗುವುದಿಲ್ಲ?

ವಾರಂಟ್ ಇಲ್ಲದೆಯೂ ಶೋಧ ಮಾಡಬಹುದಾದ ಸಂದರ್ಭ ಇದೆ. ತಡವಾದರೆ ಸಾಕ್ಷ್ಯ ಕೈತಪ್ಪುತ್ತದೆ ಅನ್ನುವಾಗ 185ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕಾರಣವನ್ನು ಬರೆದಿಡಬೇಕು, ಆ ದಾಖಲೆ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಇನ್ನು ಮೊಬೈಲ್. ಇಲ್ಲಿ ಮಾತ್ರ ನಿಯಮ ಇನ್ನೂ ರೂಪ ಪಡೆಯುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯ ಮೇಲೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನು, ಕಂಪ್ಯೂಟರ್ ಶೋಧಕ್ಕೆ ಮಾರ್ಗಸೂಚಿ ಕೊಟ್ಟಿತು. ಪಾಸ್‌ವರ್ಡನ್ನು ಪೊಲೀಸರು ಕೇಳಬಹುದು, ಕೊಡದಿದ್ದರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಪಡೆಯಬೇಕು ಅಂತ ಹೇಳಿತು. ತಜ್ಞರು ಜೊತೆಗಿರಬೇಕು ಅಂತಲೂ ಹೇಳಿತು. 2023ರ ನವೆಂಬರ್‌ನಲ್ಲಿ ಪತ್ರಕರ್ತರ ಫೋನ್ ಜಪ್ತಿಯ ಅರ್ಜಿ ಬಂದಾಗ ಸುಪ್ರೀಂ ಕೋರ್ಟೇ ಕೇಂದ್ರ ಸರ್ಕಾರಕ್ಕೆ ಮಾರ್ಗಸೂಚಿ ಮಾಡಿ ಅಂತ ಹೇಳಿತು.

ಆ ಮಾರ್ಗಸೂಚಿಯಲ್ಲಿ ಏನಿರಬೇಕು ಅಂದರೆ ನಾನು ಮೂರು ಹೇಳುತ್ತೇನೆ. ತುರ್ತು ಇಲ್ಲದಿದ್ದರೆ ವಾರಂಟ್ ಇಲ್ಲದೆ ಫೋನ್ ಮುಟ್ಟಬಾರದು. ಕೇಸಿಗೆ ಸಂಬಂಧವಿಲ್ಲದ ಫೋಟೊ, ಮೆಸೇಜು ತೆರೆಯಬಾರದು. ಜಪ್ತಿ ಮಾಡಿದ ತಕ್ಷಣ ಹ್ಯಾಶ್ ಸಂಖ್ಯೆ ತೆಗೆದು ಮಾಲೀಕರಿಗೆ ಬರೆದುಕೊಡಬೇಕು. ಹ್ಯಾಶ್ ಅಂದರೆ ಫೋನಿನೊಳಗಿನ ಮಾಹಿತಿಯ ಬೆರಳಚ್ಚು ಇದ್ದಂತೆ, ಒಂದಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಮಹಜರಿನಲ್ಲಿ ಫೋನಿನ ಐಎಂಇಐ ನಂಬರ್ (ಆ ಫೋನಿನ ಗುರುತಿನ ಸಂಖ್ಯೆ) ಬರೆಸಿಕೊಳ್ಳುವುದನ್ನಂತೂ ನೀವು ಇವತ್ತೇ ಮಾಡಬಹುದು. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ (*#06#) ಒತ್ತಿದರೆ ನಂಬರ್ ಪರದೆ ಮೇಲೆ ಬರುತ್ತದೆ. ಈಗಲೇ ನೋಡಿ ಒಂದು ಕಡೆ ಬರೆದಿಡಿ.

ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಪೊಲೀಸರು ಕೊಟ್ಟ ಪಟ್ಟಿಯ ಪ್ರತಿಯನ್ನು ಫೋಟೊ ತೆಗೆದು ಮಗನಿಗೋ ಮಗಳಿಗೋ ಕಳಿಸಿ, ಮೂಲವನ್ನು ಪಹಣಿ ಇಡುವ ಟ್ರಂಕಿನಲ್ಲೇ ಇಡಿ.