ಚಳಿಗೆ ಸ್ಟಾರ್ಟ್ ಆಗದ ಕಾರು: ತಪ್ಪು ಬ್ಯಾಟರಿಯದಲ್ಲ

ಚಳಿ ಶುರುವಾದಾಗಿನಿಂದ ಬೆಳಗ್ಗೆ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ದೀಪಗಳೂ ಮಂಕು. ಬ್ಯಾಟರಿ ಹೋಗಿದೆ ಎಂದೇ ಮನೆಯವರೆಲ್ಲರ ತೀರ್ಪು. ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್! ಚಾರ್ಜ್ ಚೆನ್ನಾಗಿಯೇ ಇತ್ತು.

ಮಗಳಿಗೆ ಕೀಲಿ ತಿರುಗಿಸಲು ಹೇಳಿ, ಮೀಟರಿನ ಒಂದು ತುದಿಯನ್ನು ನೆಗೆಟಿವ್ ಟರ್ಮಿನಲ್ ಮೇಲೆ, ಇನ್ನೊಂದನ್ನು ಅದಕ್ಕೆ ಕೇಬಲ್ ಬಿಗಿದಿರುವ ಕ್ಲ್ಯಾಂಪಿನ ಮೇಲೆ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದದ್ದು 2 ವೋಲ್ಟ್ ದಾಟಿತು. ಕಳ್ಳ ಸಿಕ್ಕಿಬಿದ್ದ: ಕ್ಲ್ಯಾಂಪಿನೊಳಗೆ ಬಿಳಿ ಪುಡಿ ಕಟ್ಟಿ ಕರೆಂಟಿಗೆ ಅಡ್ಡಿಯಾಗಿತ್ತು. ಚಳಿಗೆ ಎಂಜಿನ್ ಆಯಿಲ್ ಮಂದವಾಗಿ ಅದನ್ನು ತಿರುಗಿಸುವ ಸ್ಟಾರ್ಟರ್ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದದ್ದು ಈಗ ನಡೆಯಲಿಲ್ಲ.

ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿದೆ. ಈ ಕ್ರಮ ತಪ್ಪಿಸಲೇಬೇಡಿ, ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ತಂತಿ ಬ್ರಷ್‌ನಿಂದ ಉಜ್ಜಿ, ಬಿಗಿಯಾಗಿ ಕೂರಿಸಿ ವ್ಯಾಸಲೀನ್ ಸವರಿದೆ. ಮರುದಿನ ಒಂದೇ ತಿರುವಿಗೆ ಎಂಜಿನ್ ಎದ್ದಿತು.