ಕಿರಿಯ ವಿಜ್ಞಾನ ಅಧ್ಯಾಪಕರಿಗೆ ಮಾರ್ಗದರ್ಶನ: ಮೊದಲು ವೇಳಾಪಟ್ಟಿ ನೋಡಿ

ತುಮಕೂರಿನ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ ರಸಾಯನಶಾಸ್ತ್ರದ ಅಧ್ಯಾಪಕಿಗೆ ಮಾರ್ಗದರ್ಶನ ಮಾಡುವ ಹೊಣೆ ನಿಮ್ಮದಾಗಿದ್ದರೆ, ಸಂಶೋಧನೆಯ ವಿಷಯ ವಿಚಾರಿಸುವುದಕ್ಕೂ ಮೊದಲು ಅವರ ವಾರದ ವೇಳಾಪಟ್ಟಿಯನ್ನು ತರಿಸಿಕೊಂಡು ನೋಡಿ. ಪಾಠ, ಪ್ರಾಯೋಗಿಕ ತರಗತಿ, ಆಂತರಿಕ ಅಂಕಗಳ ಪಟ್ಟಿ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕೇಳುವ ಕಡತ, ಬಸ್ ಪ್ರಯಾಣ, ಮನೆಯಲ್ಲಿ ಚಿಕ್ಕ ಮಗು, ಇಷ್ಟರ ನಡುವೆ ಒಂದು ಮಧ್ಯಾಹ್ನವೂ ಬಿಡುವಿಲ್ಲವೆಂದಾದರೆ, ಇನ್ನಷ್ಟು ಶ್ರಮಪಡಬೇಕೆಂಬ ಉಪದೇಶದಿಂದ ಏನೂ ಆಗದು. ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ವಾರದಲ್ಲಿ ಒಂದು ದಿನವಾದರೂ ಅವರ ತರಗತಿಗಳೆಲ್ಲ ಬೆಳಿಗ್ಗೆಯೇ ಮುಗಿಯುವಂತೆ ಮಾಡಿಸುವುದು ನಿಮ್ಮ ಕೆಲಸ. ಇದೇ ಮಾತನ್ನು ಕಿರಿಯರು, ಅದರಲ್ಲೂ ಅತಿಥಿ ಉಪನ್ಯಾಸಕರು ಕೇಳಿದರೆ ಕೆಲಸಗಳ್ಳತನವೆಂಬ ಹೆಸರು ಬರುತ್ತದೆ.

ಕಾಲೇಜಿನಲ್ಲಿ ವಸ್ತುವಿನ ಹರಳು ರಚನೆ ತಿಳಿಸುವ ಎಕ್ಸ್-ರೇ ಡಿಫ್ರಾಕ್ಷನ್ ಯಂತ್ರವಿಲ್ಲವೆಂದು ಕೆಲಸ ನಿಲ್ಲಿಸಬೇಕಾಗಿಲ್ಲ. ದೇಶದ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಹುಡುಕಿ ಕಾಯ್ದಿರಿಸಲು ಐ-ಸ್ಟೆಮ್ ಪೋರ್ಟಲ್ ಇದೆ. ತುಮಕೂರಿನಿಂದ ಬೆಂಗಳೂರಿನ ಯಶವಂತಪುರಕ್ಕೆ ರೈಲು ಇದ್ದು, ಭಾರತೀಯ ವಿಜ್ಞಾನ ಸಂಸ್ಥೆ ಅಲ್ಲಿಗೆ ಹತ್ತಿರ. ಮೊದಲ ಅರ್ಜಿಯನ್ನು ಜೊತೆಯಲ್ಲಿ ಕುಳಿತು ತುಂಬಿಸಿ: ಮಾದರಿ ಎಷ್ಟು ಮಿಲಿಗ್ರಾಂ ಇದೆ, ಯಾವ ಕೋನದಿಂದ ಯಾವ ಕೋನದವರೆಗೆ ಸ್ಕ್ಯಾನ್ ಬೇಕು, ತೇವಾಂಶ ತಾಗಿದರೆ ಕೆಡುತ್ತದೆಯೇ ಎಂಬುದನ್ನು ಮೊದಲೇ ಬರೆದಿದ್ದರೆ ಅರ್ಜಿ ವಾಪಸು ಬರುವುದು ತಪ್ಪುತ್ತದೆ. ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಸಂಶೋಧನಾ ನಿಯತಕಾಲಿಕೆಗಳು ಲಭ್ಯ. ನಿಮ್ಮ ಕಾಲೇಜು ನೋಂದಣಿಯಾಗಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ.

ಪಿಎಚ್‌ಡಿ ಮಾಡುತ್ತಿರುವ ಮಹಿಳೆಯರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳು ಒಟ್ಟು 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶ ನೀಡಿವೆ. ರಜೆ ಕೇಳಲು ಹಿಂಜರಿಯುವವರ ಕೈಗೆ ಆ ನಿಯಮದ ಪ್ರತಿಯನ್ನೇ ಕೊಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಇಂಗ್ಲಿಷ್ ಕರಡನ್ನು ನೀವೇ ಹೊಸದಾಗಿ ಬರೆದುಕೊಡಬೇಡಿ. ಬೇಗ ಮುಗಿಯುತ್ತದೆ ನಿಜ, ಆದರೆ ಮುಂದಿನ ಕರಡೂ ನಿಮ್ಮ ಮೇಜಿಗೇ ಬರುತ್ತದೆ. ಒಂದು ಪ್ಯಾರಾವನ್ನು ಅವರೆದುರೇ ತಿದ್ದಿ, ಪ್ರತಿ ತಿದ್ದುಪಡಿಯ ಕಾರಣ ಹೇಳಿ, ಉಳಿದದ್ದನ್ನು ಅವರಿಗೇ ಬಿಡಿ. ಲೇಖಕರ ಹೆಸರುಗಳ ಕ್ರಮವನ್ನು ಪ್ರಯೋಗ ಆರಂಭಿಸುವ ಮೊದಲೇ ಬರವಣಿಗೆಯಲ್ಲಿ ಇತ್ಯರ್ಥಪಡಿಸಿಕೊಳ್ಳಿ. ಕೆಲಸ ಅವರದಾಗಿದ್ದರೆ ಮೊದಲ ಹೆಸರೂ ಅವರದೇ ಇರಲಿ.

ಹೊರಗಿನ ವಿಜ್ಞಾನಿಗೆ ಪರಿಚಯ ಪತ್ರ ಬರೆಯುವಾಗ ‘ಶ್ರಮಜೀವಿ’, ‘ವಿನಯಶೀಲೆ’ ಎಂಬ ಮಾತುಗಳಿಗಿಂತ ಅವರು ಮಾಡಿದ ಪ್ರಯೋಗವನ್ನೂ ಈಗ ಎದುರಾಗಿರುವ ಪ್ರಶ್ನೆಯನ್ನೂ ವಿವರಿಸಿ. ಎರಡು ವಾರ ಕಳೆದರೂ ಉತ್ತರ ಬಾರದಿದ್ದರೆ ಫೋನ್ ಮಾಡಬೇಕಾದವರು ನೀವು.